ಸಿ ಡ್ರೈವ್ ಅಳಿಸುವ ಮುನ್ನ: ನವನಗರದ ಒಂದು ಹಳೆಯ ಕಂಪ್ಯೂಟರಿನ ಪ್ರಕರಣ

ಬಾಗಲಕೋಟೆಯ ನವನಗರದಲ್ಲಿ ವಾಸವಾಗಿರುವ ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕರೊಬ್ಬರ ಮನೆಯ ಕಂಪ್ಯೂಟರ್ ಇದು. 2011ರಲ್ಲಿ ಅಂಗಡಿಯೊಂದರಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟದ್ದು. ಕೋರ್ ಐ3-2100 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 2 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಒಳಗೆ ವಿಂಡೋಸ್ 7. ಅದು ಹಣ ಕೊಟ್ಟು ತಂದ ಪ್ರತಿಯಲ್ಲ, ಆ ಕಾಲದಲ್ಲಿ ಹೆಚ್ಚಿನ ಅಂಗಡಿಗಳು ಹಾಕಿಕೊಡುತ್ತಿದ್ದಂಥದ್ದು. ಜೊತೆಗೆ ಒಂದು ಹಳೆಯ ಲೇಸರ್ ಪ್ರಿಂಟರ್, ಬ್ಯಾಟರಿ ಸತ್ತ ಯುಪಿಎಸ್, ಮೊಮ್ಮಗ ಅಂಟಿಸಿದ ಸ್ಟಿಕರ್‌ಗಳು.

ದೂರು ಸರಳವಾಗಿತ್ತು. ಆನ್ ಮಾಡಿದರೆ ವಿಂಡೋಸಿನ ಗುರುತು ಬಂದು ಅಲ್ಲೇ ನಿಲ್ಲುತ್ತದೆ. ಒಮ್ಮೊಮ್ಮೆ ತೆರೆದುಕೊಳ್ಳುತ್ತದೆ, ತೆರೆದರೂ ಒಂದು ಫೋಲ್ಡರ್ ಬಿಚ್ಚಲು ಚಹಾ ಕುಡಿದು ಮುಗಿಸುವಷ್ಟು ಹೊತ್ತು. ಜಾಲತಾಣಗಳು ಯಾವುವೂ ತೆರೆಯುತ್ತಿಲ್ಲ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ತೀರ್ಪು ಕೊಟ್ಟಾಗಿತ್ತು: ಅದನ್ನು ಗುಜರಿಗೆ ಹಾಕಿ, ಹೊಸ ಲ್ಯಾಪ್‌ಟಾಪ್ ಕಳಿಸುತ್ತೇನೆ. ಮಾಸ್ತರರು ಒಪ್ಪಿರಲಿಲ್ಲ. ನಾನು ಅವರ ಹಳೆಯ ವಿದ್ಯಾರ್ಥಿ, ಈಗ ಇದೇ ಊರಿನಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುತ್ತೇನೆ. “ತಮ್ಮಾ, ವಿಂಡೋಸ್ ಹೋಗಿದೆ. ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಟ್ಟುಬಿಡು, ನನ್ನ ಫೈಲುಗಳೆಲ್ಲ ಡಿ ಡ್ರೈವಿನಲ್ಲಿವೆ, ಚಿಂತೆಯಿಲ್ಲ” ಎಂದರು.

ಈ ಒಂದು ಮಾತಿನಲ್ಲಿ ಮೂರು ನಂಬಿಕೆಗಳಿದ್ದವು: ಕೆಟ್ಟಿರುವುದು ವಿಂಡೋಸ್, ಮದ್ದು ಫಾರ್ಮ್ಯಾಟ್ (ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು), ಡಿ ಡ್ರೈವಿನಲ್ಲಿದ್ದದ್ದು ಕ್ಷೇಮ. ನಮ್ಮ ಜಿಲ್ಲೆಯಲ್ಲಿ ಹಳೆಯ ಕಂಪ್ಯೂಟರ್ ತರುವ ಹತ್ತು ಜನರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ, ಅಂಗಡಿಯವರೂ ತಲೆಯಾಡಿಸಿ ಇದನ್ನೇ ಮಾಡಿಕೊಡುತ್ತಾರೆ. ಈ ಪ್ರಕರಣದಲ್ಲಿ ಮೂರೂ ತಪ್ಪಾಗಿದ್ದವು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕೆಟ್ಟದ್ದು ಯಾವುದು

ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು. ಪರದೆಯ ಮೂಲೆಯ ಗಡಿಯಾರ 2011ರ ಜನವರಿ 1 ಎಂದು ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿಯ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್2032, 3 ವೋಲ್ಟಿನದು. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ತನ್ನ ಹುಟ್ಟಿದ ದಿನಕ್ಕೆ ಮರಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕಾರು ಸಲ ಕರೆಂಟ್ ಆಡುವ ಕಡೆ, ಯುಪಿಎಸ್ ಕೂಡ ಕೆಲಸ ಮಾಡದಿದ್ದರೆ, ಇದು ದಿನನಿತ್ಯದ ಮಾತು. ಈಗಿನ ಜಾಲತಾಣಗಳೆಲ್ಲ ಭದ್ರತಾ ಪ್ರಮಾಣಪತ್ರ ಹೊತ್ತಿರುತ್ತವೆ, ಆ ಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಬ್ರೌಸರ್ ಬಾಗಿಲು ಹಾಕಿಕೊಳ್ಳುತ್ತದೆ. ಕೆಲವು ತಿಂಗಳ ಹಿಂದೆ ಯಾರೋ ‘ವೈರಸ್ ಬಂದಿದೆ’ ಎಂದು ಹೇಳಿ ಹಣ ಪಡೆದು ಹೋಗಿದ್ದರಂತೆ. ಸಮಸ್ಯೆಯ ಒಂದು ಭಾಗ ಚಹಾದಂಗಡಿಯ ಬಿಲ್ಲಿನಷ್ಟು ಬೆಲೆಯ ಒಂದು ಬ್ಯಾಟರಿಯಲ್ಲಿತ್ತು.

ಜಾಲದ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ಕ್ರೋಮ್ ಬ್ರೌಸರ್ ಅದಕ್ಕೆ ಹೊಸ ಆವೃತ್ತಿ ಕೊಡುವುದನ್ನು 2023ರ ಆರಂಭದಲ್ಲಿ ಬಿಟ್ಟಿತು, 109ನೆಯದೇ ಕೊನೆ. ಬ್ಯಾಟರಿ ಬದಲಿಸಿ ತಾರೀಖು ಸರಿಪಡಿಸಿದ ಮೇಲೂ ಎಷ್ಟೋ ತಾಣಗಳು ಅರ್ಧಂಬರ್ಧ ತೆರೆದುಕೊಳ್ಳುತ್ತಿದ್ದವು. ಅಂದರೆ ವಿಂಡೋಸ್ 7ನ್ನು ಬಿಡುವ ಕಾಲ ಹೇಗೂ ಬಂದಿತ್ತು. ಆದರೆ ಕಂಪ್ಯೂಟರ್ ನಿಧಾನವಾಗಿದ್ದು ಅದರಿಂದಲ್ಲ.

ಪೆಟ್ಟಿಗೆಯ ಮುಂದಿನ ಕೆಂಪು ದೀಪ ಮಿಣುಕುವುದನ್ನು ಬಿಟ್ಟು ಹೊತ್ತಿಯೇ ಇರುತ್ತಿತ್ತು. ಕಿವಿಗೊಟ್ಟರೆ ಒಳಗಿನಿಂದ ಟಿಕ್, ಸ್ವಲ್ಪ ಮೌನ, ಮತ್ತೆ ಟಿಕ್. ಅನುಭವ ಇದ್ದವರಿಗೆ ಇಷ್ಟೇ ಸಾಕು. ಆದರೂ ಊಹೆಯ ಮೇಲೆ ಹೋಗುವುದು ಬೇಡವೆಂದು, ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ) ಹಾಕಿಕೊಂಡು ಹೋಗಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿದೆ. ಹಾಗೆ ಮಾಡಿದಾಗ ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಬರೆಯಬೇಕಾಗುವುದಿಲ್ಲ, ಒಳಗಿನ ವಿಂಡೋಸನ್ನು ಎಬ್ಬಿಸಬೇಕಾಗುವುದೂ ಇಲ್ಲ. ಪ್ರತಿ ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಆ ಪಟ್ಟಿಯಲ್ಲಿ ನಾನು ನೋಡುವುದು ಮುಖ್ಯವಾಗಿ ಎರಡು ಸಾಲು: ಕೆಟ್ಟ ಜಾಗದಿಂದ ಬೇರೆ ಜಾಗಕ್ಕೆ ಎತ್ತಿಟ್ಟ, ಡಿಸ್ಕಿನ ಸಣ್ಣ ಸಣ್ಣ ತುಂಡುಗಳಾದ ಸೆಕ್ಟರ್‌ಗಳ ಸಂಖ್ಯೆ, ಮತ್ತು ಓದಲು ಆಗದೆ ‘ಬಾಕಿ’ ಎಂದು ಗುರುತು ಹಾಕಿಕೊಂಡ ಸೆಕ್ಟರ್‌ಗಳ ಸಂಖ್ಯೆ. ಎರಡನೆಯದು ಸೊನ್ನೆ ಇರಬೇಕು. ಇಲ್ಲಿ ಮುನ್ನೂರು ದಾಟಿತ್ತು.

ವಿಂಡೋಸ್ ನಿಧಾನವಾಗಿರಲಿಲ್ಲ, ಓದಲು ಬಾರದ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿತ್ತು. ಈ ಸ್ಥಿತಿಯಲ್ಲಿ ಫಾರ್ಮ್ಯಾಟ್ ಮಾಡಿ ಅದೇ ಡಿಸ್ಕಿಗೆ ಮತ್ತೆ ವಿಂಡೋಸ್ ಹಾಕಿದ್ದರೆ ಒಂದೆರಡು ವಾರ ಚುರುಕಾಗಿ ಓಡುತ್ತಿತ್ತು, ಆಮೇಲೆ ಮತ್ತೆ ಅದೇ ಕಥೆ. ಅಂಗಡಿಗೆ ಮತ್ತೊಮ್ಮೆ ಸವಾರಿ. ‘ಸಾಫ್ಟ್‌ವೇರ್ ಪ್ರಾಬ್ಲಮ್’ ಎಂಬ ಹೆಸರಿನಲ್ಲಿ ಎಷ್ಟು ಸಾಯುತ್ತಿರುವ ಡಿಸ್ಕ್‌ಗಳು ನಮ್ಮ ಊರುಗಳಲ್ಲಿ ವರ್ಷಕ್ಕೆರಡು ಸಲ ಫಾರ್ಮ್ಯಾಟ್ ಆಗುತ್ತಿವೆಯೋ!

ಇನ್ನೊಂದು ಸಂಗತಿ. ಪ್ರತಿ ಸಲ ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ, ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸಿನ ಉಪಕರಣ ಚೆಕ್ ಡಿಸ್ಕ್ ಓಡುತ್ತಿತ್ತು. ಮನೆಯವರು ಅದು ‘ರಿಪೇರಿ’ ಮಾಡುತ್ತದೆಂದು ಗಂಟೆಗಟ್ಟಲೆ ಬಿಟ್ಟಿದ್ದರು. ಡಿಸ್ಕ್ ಗಟ್ಟಿಯಿದ್ದಾಗ ಅದು ಒಳ್ಳೆಯ ಉಪಕರಣ. ಡಿಸ್ಕೇ ಸಾಯುತ್ತಿರುವಾಗ ಅದನ್ನು ಓಡಿಸುವುದೆಂದರೆ ಉಳಿದ ಉಸಿರನ್ನು ಅದರ ಕೈಲೇ ಮುಗಿಸಿದಂತೆ. ಮೊದಲು ನಕಲು, ಆಮೇಲೆ ಮಿಕ್ಕಿದ್ದು.

ಡಿ ಡ್ರೈವಿನಲ್ಲಿ ಇಲ್ಲದ್ದು

ಈಗ ಆ ಮೂರನೆಯ ನಂಬಿಕೆ. ಡಿ ಡ್ರೈವ್ ಎಂಬುದು ಬೇರೆ ಪೆಟ್ಟಿಗೆಯಲ್ಲ, ಒಂದೇ ಡಿಸ್ಕಿನ ಮೇಲೆ ಎಳೆದ ಗಡಿಗೆರೆ. ಡಿಸ್ಕ್ ಹೋದರೆ ವಿಂಡೋಸ್ ಇರುವ ಸಿ ಡ್ರೈವ್, ಡಿ ಡ್ರೈವ್ ಎರಡೂ ಹೋಗುತ್ತವೆ. ಅದನ್ನು ಹೇಳಿದಾಗ ಮಾಸ್ತರರ ಮುಖ ಗಂಭೀರವಾಯಿತು, ಏಕೆಂದರೆ ಅಲ್ಲಿ ಇದ್ದದ್ದು ಬರೀ ಮದುವೆಯ ಫೋಟೋಗಳಲ್ಲ.

ಅವರು ಹಳೆಯ ಬಾಗಲಕೋಟೆಯವರು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಆಲಮಟ್ಟಿಯ ಹಿನ್ನೀರು ಘಟಪ್ರಭಾ ದಂಡೆಯ ಊರಿನ ತಗ್ಗಿನ ಭಾಗಕ್ಕೆ ಬಂದಾಗ ಮನೆ ಬಿಟ್ಟು ನವನಗರಕ್ಕೆ ಬಂದವರು. ಮುಳುಗಡೆಯ ನೋಟಿಸು, ಪರಿಹಾರದ ಆದೇಶ, ನಿವೇಶನದ ಹಕ್ಕುಪತ್ರ, ಅಣ್ಣತಮ್ಮಂದಿರ ನಡುವಿನ ವಾಟ್ನಿ ಪತ್ರ (ಆಸ್ತಿ ಪಾಲಿನ ಪತ್ರ) ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟಿದ್ದರು. ಅವುಗಳ ಮೂಲ ಕಾಗದಗಳು ಟ್ರಂಕಿನಲ್ಲಿದ್ದವು, ಅದು ಸಮಾಧಾನ. ಆದರೆ ಹಳೆಯ ಊರಿನ ಓಣಿಗಳ ಬಗ್ಗೆ ಅವರು ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳಿಗೆ ಕಾಗದದ ಪ್ರತಿ ಇರಲಿಲ್ಲ: ಯಾವ ಓಣಿಯಲ್ಲಿ ಯಾರ ಮನೆ, ಯಾವ ಕಟ್ಟೆಯ ಮೇಲೆ ಯಾರು ಪುರಾಣ ಹೇಳುತ್ತಿದ್ದರು, ಯಾವ ಬಾವಿಯ ನೀರು ಸಿಹಿ. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದವು, ನೂರಕ್ಕೂ ಹೆಚ್ಚು ಫೈಲುಗಳು.

ನಕಲು ಮಾಡಲು ನಾನು ಒಂದೊಂದೇ ಫೋಲ್ಡರ್ ಎಳೆಯಲು ಹೋಗಲಿಲ್ಲ. ಸಾಯುತ್ತಿರುವ ಡಿಸ್ಕಿನಲ್ಲಿ ಹಾಗೆ ಎಳೆದರೆ ಮೊದಲ ಕೆಟ್ಟ ಜಾಗಕ್ಕೆ ಬಂದಾಗ ಎಲ್ಲವೂ ಅಲ್ಲೇ ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಡಿಡಿರೆಸ್ಕ್ಯೂ ಎಂಬ ಉಚಿತ ಉಪಕರಣವಿದೆ. ಅದು ಇಡೀ ಡಿಸ್ಕಿನ ಪಡಿಯಚ್ಚನ್ನು ಬೇರೆ ಡಿಸ್ಕಿನ ಮೇಲೆ ತೆಗೆಯುತ್ತದೆ: ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಹಾರಿ, ಯಾವುದು ಬಾಕಿ ಎಂದು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ಆ ಬಾಕಿಗಳ ಬೆನ್ನು ಹತ್ತುತ್ತದೆ. ನಡುವೆ ಕರೆಂಟ್ ಹೋದರೂ ಆ ನಕ್ಷೆಯಿರುವುದರಿಂದ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಮ್ಮ ಕಡೆಗೆ ಇದು ದೊಡ್ಡ ಅನುಕೂಲ. 1 ಟಿಬಿಯ ಹೊರಗಿನ ಡಿಸ್ಕೊಂದನ್ನು ಜೋಡಿಸಿ, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಮೇಜಿನ ಫ್ಯಾನನ್ನು ಹಾರ್ಡ್ ಡಿಸ್ಕಿನ ಕಡೆ ತಿರುಗಿಸಿ, ರಾತ್ರಿಯಿಡೀ ಓಡಲು ಬಿಟ್ಟೆವು. ಬಿಸಿಲಿನ ದಿನಗಳು, ರಾತ್ರಿ ಹತ್ತಕ್ಕೂ ಗೋಡೆ ಬೆಚ್ಚಗಿರುತ್ತಿತ್ತು; ಕಾದ ಡಿಸ್ಕ್ ಇನ್ನೂ ಬೇಗ ಕೈ ಕೊಡುತ್ತದೆ.

ಬೆಳಿಗ್ಗೆ ನೋಡಿದರೆ ಕೆಲವೇ ಎಂಬಿಗಳು ಬಿಟ್ಟು ಮಿಕ್ಕಿದ್ದೆಲ್ಲ ಬಂದಿತ್ತು. ಓದಲಾಗದೆ ಹೋದ ಜಾಗ ಹೆಚ್ಚಾಗಿ ವಿಂಡೋಸಿನ ಸ್ವಂತ ಫೈಲುಗಳ ಮೇಲೆ ಬಿದ್ದಿತ್ತು. ವಿಂಡೋಸ್ ಶುರುವಾಗುವಾಗಲೇ ಏಕೆ ತೊದಲುತ್ತಿತ್ತೆಂಬುದಕ್ಕೆ ಉತ್ತರವೂ ಅಲ್ಲೇ ಸಿಕ್ಕಿತು. ಮಾಸ್ತರರ ಫೈಲುಗಳಲ್ಲಿ ಕೆಟ್ಟದ್ದು ಎರಡು ಫೋಟೋ ಮಾತ್ರ.

ಪಡಿಯಚ್ಚು ಕೈಗೆ ಬಂದ ಮೇಲೆ ನಿಧಾನವಾಗಿ ಹುಡುಕಲು ಕುಳಿತೆವು. ಡಿ ಡ್ರೈವಿನಲ್ಲಿ ಎಲ್ಲವೂ ಇದೆ ಎಂಬುದು ಅರ್ಧ ಮಾತ್ರ ನಿಜ. ಡೆಸ್ಕ್‌ಟಾಪಿನ ಮೇಲೆ ಕಾಣುವುದೆಲ್ಲ ಸಿ ಡ್ರೈವಿನಲ್ಲಿರುತ್ತದೆ, ಮೈ ಡಾಕ್ಯುಮೆಂಟ್ಸ್ ಕೂಡ. ಓಣಿಗಳ ಟಿಪ್ಪಣಿಯಲ್ಲಿ ಈಚಿನ ಮೂವತ್ತು ಫೈಲುಗಳು ಡೆಸ್ಕ್‌ಟಾಪಿನ ‘ಹೊಸದು’ ಎಂಬ ಫೋಲ್ಡರಿನಲ್ಲಿದ್ದವು. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳು, ಸ್ಕ್ಯಾನರ್ ತನ್ನಷ್ಟಕ್ಕೆ ಉಳಿಸುತ್ತಿದ್ದ ಚಿತ್ರಗಳು, ಇವೂ ಸಿ ಡ್ರೈವಿನವೇ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿದ್ದದ್ದು ಅಕ್ಷರಗಳು. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ ನುಡಿಯ ಫಾಂಟುಗಳಿದ್ದವು. ಸಿ ಡ್ರೈವ್ ಮಾತ್ರ ಅಳಿಸಿ ಡಿ ಡ್ರೈವ್ ಹಾಗೇ ಬಿಟ್ಟಿದ್ದರೂ, ಟಿಪ್ಪಣಿಗಳ ಫೈಲುಗಳು ಉಳಿಯುತ್ತಿದ್ದವು, ಅವುಗಳನ್ನು ಓದುವ ದಾರಿ ಹೋಗುತ್ತಿತ್ತು.

ಯಾವುದನ್ನು ಹಾಕುವುದು

ಈಗ ಯಾವ ಕಾರ್ಯಾಚರಣ ವ್ಯವಸ್ಥೆ ಹಾಕುವುದು ಎಂಬುದರ ಮೇಲೆ ಮಾಸ್ತರರ ಮಗನೊಂದಿಗೆ ಫೋನಿನಲ್ಲಿ ಒಂದಿಷ್ಟು ಚರ್ಚೆಯಾಯಿತು. ವಿಂಡೋಸ್ 7ಕ್ಕೆ ಮರಳುವ ಮಾತೇ ಇಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಅಥವಾ ಮುಂದಿನ ಪ್ರೊಸೆಸರೂ ಬೇಕು. ಇದು ಎರಡನೆಯ ತಲೆಮಾರು. ತಪಾಸಣೆಯನ್ನು ತಪ್ಪಿಸಿ ಹಾಕುವ ಉಪಾಯಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಎಪ್ಪತ್ತು ದಾಟಿದವರ ಮನೆಯ ಕಂಪ್ಯೂಟರಿನಲ್ಲಿ ಅಂಥ ಸರ್ಕಸ್ಸು ಮಾಡುವುದು ನನಗೆ ಸರಿ ಕಾಣುವುದಿಲ್ಲ, ಮುಂದಿನ ದೊಡ್ಡ ಅಪ್‌ಡೇಟಿಗೆ ಏನಾಗುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ. ವಿಂಡೋಸ್ 10 ಈ ಯಂತ್ರದಲ್ಲಿ ಓಡುತ್ತದೆ, ಆದರೆ ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆಯಾದರೂ ಅದಕ್ಕೆ ಅಸಲಿ ಪ್ರತಿ ಬೇಕು, ಅಸಲಿ ಪ್ರತಿಗೆ ಹಣ ಬೇಕು, ಹಣ ಕೊಟ್ಟರೂ ಸಿಗುವುದು ಒಂದು ವರ್ಷ.

ಮಾಸ್ತರರ ಅಗತ್ಯ ಏನು? ಕನ್ನಡ ಬೆರಳಚ್ಚು, ಮುದ್ರಣ, ಮಗಳ ಜೊತೆ ವಿಡಿಯೊ ಮಾತುಕತೆ, ಯೂಟ್ಯೂಬಿನಲ್ಲಿ ಹಿಂದೂಸ್ತಾನಿ ಸಂಗೀತ, ಪತ್ರಿಕೆಗಳ ತಾಣ. ಇವುಗಳಲ್ಲಿ ವಿಂಡೋಸನ್ನೇ ಕೇಳುವಂಥದ್ದು ಒಂದೂ ಇಲ್ಲ. ಲಿನಕ್ಸ್ ಮಿಂಟ್ 22, ಹಳೆಯ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಎಂದು ತೀರ್ಮಾನವಾಯಿತು. ಅದರ ಬೆಂಬಲ 2029ರವರೆಗೆ ಇದೆ. ಮನೆಯಲ್ಲಿ ಲೆಕ್ಕಪತ್ರದ ಟ್ಯಾಲಿಯೋ, ವಿಂಡೋಸಿನಲ್ಲೇ ಓಡುವ ಸರಕಾರಿ ತಂತ್ರಾಂಶಗಳೋ ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಲಿನಕ್ಸ್ ಎಲ್ಲರಿಗೂ ಎಂಬ ಹಟ ನನ್ನದಲ್ಲ.

ಯಂತ್ರಕ್ಕೆ ಎರಡು ಹೊಸ ಭಾಗ ಕೊಂಡೆವು. ಒಂದು, ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ 256 ಜಿಬಿಯ ಎಸ್‌ಎಸ್‌ಡಿ. ಈ ಮದರ್‌ಬೋರ್ಡಿನ ಡಿಸ್ಕ್ ಜೋಡಿಸುವ ಸಾಟಾ ದಾರಿ ಹಳೆಯ ವೇಗದ್ದು, ಹೊಸ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಸಿಕ್ಕಷ್ಟೇ ತಿರುಗುವ ಡಿಸ್ಕಿಗಿಂತ ಎಷ್ಟೋ ಪಾಲು ಹೆಚ್ಚು. ಇನ್ನೊಂದು 4 ಜಿಬಿಯ ರ‍್ಯಾಮ್, ಹಳೆಯ 2 ಜಿಬಿಯ ಪಕ್ಕದ ಖಾಲಿ ಜಾಗಕ್ಕೆ. ಡಿಡಿಆರ್3 ಈಗ ಹೆಚ್ಚಾಗಿ ಸಿಗುವುದು ಕಳಚಿದ ಯಂತ್ರಗಳಿಂದ. ಕೊಳ್ಳುವಾಗ ಒಂದು ಎಚ್ಚರ ಬೇಕು: ತೀರಾ ಅಗ್ಗಕ್ಕೆ ಸಿಗುವ ಕೆಲವು ರ‍್ಯಾಮ್ ಪಟ್ಟಿಗಳು ಎಎಂಡಿ ಬೋರ್ಡುಗಳಲ್ಲಿ ಮಾತ್ರ ನಡೆಯುತ್ತವೆ, ಇಂಟೆಲ್ ಬೋರ್ಡಿಗೆ ಹಾಕಿದರೆ ಪರದೆಯೇ ಬರುವುದಿಲ್ಲ. ಅಂಗಡಿಯಲ್ಲೇ ಹಾಕಿ ತೋರಿಸಿ ಎಂದು ಕೇಳುವುದು ಒಳ್ಳೆಯದು. ಎರಡೂ ಸೇರಿ ಖರ್ಚು ಮಗ ಕಳಿಸಬೇಕೆಂದಿದ್ದ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲು. ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಕೆರೆದು ಹೊಸದು ಹಚ್ಚಿ, ಫ್ಯಾನಿನ ರೆಕ್ಕೆಗಳಲ್ಲಿ ಕುಳಿತಿದ್ದ ಕೆಂಪು ದೂಳನ್ನು ಬ್ರಷ್ಷಿನಿಂದ ತೆಗೆದಿದ್ದೂ ಆಯಿತು.

ಹಾಕಿದ್ದು

ಇದರಲ್ಲಿ ಹೇಳುವಂಥದ್ದು ಕಡಿಮೆ. ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಟ್ಟೆ, ಆಗ ಯಾವ ಗುಂಡಿ ಒತ್ತಿದರೂ ಅದು ಅಳಿಯುವ ಪ್ರಶ್ನೆಯಿಲ್ಲ. ಬಯೋಸಿಗೆ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಮೂಲ ವ್ಯವಸ್ಥೆಗೆ) ಹೋಗಿ ಸಾಟಾ ಕ್ರಮವನ್ನು ಹಳೆಯ ಐಡಿಇಯಿಂದ ಹೊಸ ಎಎಚ್‌ಸಿಐಗೆ ಬದಲಿಸಿದೆ; ಎಸ್‌ಎಸ್‌ಡಿಗೆ ಅದು ಬೇಕು, ಹಳೆಯ ಅಂಗಡಿಯವರು ಇದನ್ನು ಮುಟ್ಟುವುದೇ ಇಲ್ಲ. ವಿಂಡೋಸ್ ಇರುವಾಗಲೇ ಇದನ್ನು ಬದಲಿಸಿದರೆ ನೀಲಿ ಪರದೆ ಬರಬಹುದು, ಆದ್ದರಿಂದ ಹೊಸದಾಗಿ ಹಾಕುವ ಮೊದಲೇ ಮಾಡಬೇಕು. ಕಂಪ್ಯೂಟರಿನಲ್ಲಿ ವೈಫೈ ಇಲ್ಲ, ಹಾಗಾಗಿ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ (ಮೊಬೈಲಿನ ಜಾಲವನ್ನು ಹಂಚುವುದು) ಆನ್ ಮಾಡಿದರೆ ಯಾವ ಡ್ರೈವರಿನ ಗೋಜೂ ಇಲ್ಲದೆ ಜಾಲ ಸಿಕ್ಕಿತು. ‘ಇಡೀ ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಒತ್ತಿ, ಹೆಸರು, ಪಾಸ್‌ವರ್ಡ್ ಕೊಟ್ಟು, ಮಾಸ್ತರರ ಮನೆಯವರು ಕೊಟ್ಟ ಗಿರಮಿಟ್ಟು ತಿನ್ನುವಷ್ಟರಲ್ಲಿ ಮುಗಿದಿತ್ತು. ಪೂರ್ವಸಿದ್ಧತೆಗೆ ಹೋಲಿಸಿದರೆ ಇದು ಲೆಕ್ಕಕ್ಕೇ ಇಲ್ಲ. ಮೊದಲಿನಂತೆ ಚಹಾ ಮುಗಿಸಿ ಕಾಯುವ ಕಾಲ ಹೋಗಿ, ಒಂದು ನಿಮಿಷದೊಳಗೆ ಪರದೆ ಸಿದ್ಧವಾಗತೊಡಗಿತು.

ಪ್ರಿಂಟರ್ ಸ್ವಲ್ಪ ಕಾಡಿತು. ಅದು ತನ್ನ ಬುದ್ಧಿಯನ್ನು ತನ್ನೊಳಗೆ ಇಟ್ಟುಕೊಳ್ಳದ ಜಾತಿಯದು: ಪ್ರತಿ ಸಲ ಆನ್ ಮಾಡಿದಾಗಲೂ ತನ್ನ ಫರ್ಮ್‌ವೇರನ್ನು ಕಂಪ್ಯೂಟರಿನಿಂದಲೇ ಇಳಿಸಿಕೊಳ್ಳಬೇಕು. ತಯಾರಕರು ಲಿನಕ್ಸಿಗೆಂದೇ ಕೊಡುವ ಪೂರಕ ತಂತ್ರಾಂಶವನ್ನು ಒಮ್ಮೆ ಹಾಕಿದ ಮೇಲೆ ಸರಿಹೋಯಿತು. ಮಾಸ್ತರರಿಗೆ ಒಂದೇ ಸೂಚನೆ: ಮೊದಲು ಕಂಪ್ಯೂಟರ್, ಆಮೇಲೆ ಪ್ರಿಂಟರ್.

ಕನ್ನಡ ಮರಳಿ ಬಂದ ಬಗೆ

ಹೊಸ ವ್ಯವಸ್ಥೆಯಲ್ಲಿ ಓಣಿಗಳ ಟಿಪ್ಪಣಿಯ ಮೊದಲ ಫೈಲನ್ನು ಲಿಬ್ರೆ ಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದಲ್ಲಿ ತೆರೆದಾಗ ಮಾಸ್ತರರು ಕುರ್ಚಿಯಿಂದ ಎದ್ದುಬಿಟ್ಟರು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಸ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಜರ್ಮನರ ಅಕ್ಷರ. “ಎಲ್ಲಾ ಹೋಯಿತಲ್ಲೋ” ಎಂದರು. ಏನೂ ಹೋಗಿರಲಿಲ್ಲ. ನುಡಿಯ ಫಾಂಟುಗಳನ್ನು ಪಡಿಯಚ್ಚಿನಿಂದ ತೆಗೆದು ಹೊಸ ವ್ಯವಸ್ಥೆಯ ಫಾಂಟ್ ಫೋಲ್ಡರಿಗೆ ಹಾಕಿ ಫೈಲು ಮುಚ್ಚಿ ತೆರೆದಾಗ, ಅದೇ ಕಸ ಅಚ್ಚುಕಟ್ಟಾದ ಕನ್ನಡವಾಗಿತ್ತು.

ಇದು ಹೇಗೆ ಎಂದು ಅವರು ಕೇಳಿದರು, ನಾನು ಒಂದು ಪದ ತೆಗೆದುಕೊಂಡು ತೋರಿಸಿದೆ. ‘ಕನ್ನಡ’ ಎಂಬುದು ಆ ಫೈಲಿನಲ್ಲಿ ಕನ್ನಡವಾಗಿ ಇಲ್ಲ. ಅಲ್ಲಿರುವುದು ಇಂಗ್ಲಿಷಿನ ಪಿ, ಓರೆಗೆರೆ ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್ಸು, ಸಣ್ಣ ಕ್ಯೂ, ಮತ್ತೆ ಅದೇ ಎ. ನುಡಿ ಫಾಂಟಿನಲ್ಲಿ ಪಿ ಇರಬೇಕಾದ ಮನೆಯಲ್ಲಿ ತಲೆಕಟ್ಟಿಲ್ಲದ ಕ ಕೂತಿದೆ, ಓರೆಗೆರೆಯ ಎ ಮನೆಯಲ್ಲಿ ತಲೆಕಟ್ಟು, ಪೌಂಡಿನ ಮನೆಯಲ್ಲಿ ನ, ಜೋಡಿ ಎಸ್ಸಿನ ಮನೆಯಲ್ಲಿ ನ ಒತ್ತು, ಕ್ಯೂ ಮನೆಯಲ್ಲಿ ಡ. ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ತುಂಡು ತುಂಡಾಗಿ ಅಕ್ಷರ ಕಟ್ಟುತ್ತಿದ್ದರಲ್ಲ, ಹಾಗೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಮಾಸ್ತರರಿಗೆ ಇದು ತಟ್ಟನೆ ಹತ್ತಿತು. ಶಾಲೆಯ ಸ್ಮರಣ ಸಂಚಿಕೆಗಾಗಿ ಅವರು ಪ್ರೆಸ್ಸುಗಳಲ್ಲಿ ಕರಡು ತಿದ್ದುತ್ತಾ ಕುಳಿತವರು.

ಯೂನಿಕೋಡಿನಲ್ಲಿ, ಅಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ, ಹಾಗಿಲ್ಲ. 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ. ಕ ಎಂಬುದು ಯಾವ ಫಾಂಟಿನಲ್ಲೂ ಕ ಆಗಿಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಮೊಬೈಲಿನಲ್ಲೂ ಓದಬಹುದು. ಹಾಗಾದರೆ ನೂರು ಫೈಲನ್ನೂ ಪರಿವರ್ತಿಸಿಬಿಡೋಣ ಎಂದು ಮಾಸ್ತರರ ಉತ್ಸಾಹ. ಪರಿವರ್ತಕ ತಂತ್ರಾಂಶಗಳಿವೆ, ಉಚಿತವಾಗಿಯೇ ಸಿಗುತ್ತವೆ. ಆದರೆ ಅವುಗಳ ಕೈಗೆ ಎಲ್ಲವನ್ನೂ ಒಟ್ಟಿಗೆ ಕೊಡುವುದನ್ನು ನಾನು ಒಪ್ಪಲಿಲ್ಲ. ಕಾರಣ, ಅವರ ಟಿಪ್ಪಣಿಗಳಲ್ಲಿ ನಡುನಡುವೆ ಇಂಗ್ಲಿಷ್ ಪದಗಳಿದ್ದವು, ನೋಟಿಸಿನ ಸಂಖ್ಯೆ, ಸರ್ವೆ ನಂಬರಿನ ಪಕ್ಕದ ಅಕ್ಷರ, ಕಚೇರಿಯ ಹೆಸರು. ಫೈಲಿನಲ್ಲಿ ಅವು ಬೇರೆ ಫಾಂಟಿನಲ್ಲಿದ್ದುದರಿಂದ ಕಣ್ಣಿಗೆ ಇಂಗ್ಲಿಷಾಗಿ ಕಾಣುತ್ತವೆ. ಬರೀ ಪಠ್ಯವನ್ನು ಎತ್ತಿ ಪರಿವರ್ತಕಕ್ಕೆ ಸುರಿದರೆ ಯಾವ ಪಿ ನಿಜವಾದ ಪಿ, ಯಾವ ಪಿ ವೇಷ ಹಾಕಿದ ಕ ಎಂದು ಅದಕ್ಕೆ ತಿಳಿಯುವುದಿಲ್ಲ, ಸರ್ವೆ ನಂಬರಿನ ಪಕ್ಕದ ಪಿ ಕೂಡ ತಲೆಕಟ್ಟಿಲ್ಲದ ಕ ಆಗಿಬಿಡುತ್ತದೆ. ಮುಳುಗಡೆ ಕಾಗದಗಳಲ್ಲಿ ಒಂದು ಅಕ್ಷರ ಬದಲಾದರೆ ಆಸ್ತಿಯೇ ಬದಲಾದಂತೆ.

ಅರ್ಕಾವತ್ತಿನದು ಇನ್ನೊಂದು ತಂಟೆ. ಹಳೆಯ ಪದ್ಧತಿಯಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತಾರೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ ಮೊದಲು. ‘ಸೂರ್ಯ’ದಂಥ ಪದಗಳನ್ನು ಪರಿವರ್ತಕಗಳು ಈಗ ಸರಿಯಾಗಿಯೇ ತಿರುಗಿಸುತ್ತವೆ. ಸೋಲುವುದು ‘ರ‍್ಯಾಂಕ್’ ಎಂಬಲ್ಲಿ. ಅಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು, ಅದಕ್ಕಾಗಿ ಯೂನಿಕೋಡಿನಲ್ಲಿ ರ ಮತ್ತು ಅರ್ಧಾಕ್ಷರದ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಸೇರಿಸಬೇಕು. ಅದಿಲ್ಲದಿದ್ದರೆ ‘ರ್ಯಾಂಕ್’ ಎಂದು ಅರ್ಕಾವತ್ತಾಗಿ ಕೂರುತ್ತದೆ. ಶಾಲೆಯ ಹಳೆಯ ಫಲಿತಾಂಶದ ಪಟ್ಟಿಗಳಲ್ಲಿ ಈ ಪದ ಎಲ್ಲೆಲ್ಲೂ ಇತ್ತು. ಮಾಸ್ತರರು ಪ್ರತಿಯೊಂದನ್ನೂ ಕೆಂಪು ಶಾಯಿಯ ಹುಮ್ಮಸ್ಸಿನಲ್ಲಿ ಹಿಡಿದರು.

ಕೊನೆಗೆ ಹೀಗೆ ಹಂಚಿಕೊಂಡೆವು. ಸ್ಕ್ಯಾನ್ ಮಾಡಿದ ಕಾಗದಗಳು ಚಿತ್ರಗಳು, ಅವಕ್ಕೆ ಏನೂ ಮಾಡಬೇಕಿಲ್ಲ. ಪ್ರಶ್ನೆಪತ್ರಿಕೆ, ಹಳೆಯ ಆಮಂತ್ರಣ, ಫಲಿತಾಂಶದ ಪಟ್ಟಿಯಂಥ ಇನ್ನು ತಿದ್ದಬೇಕಿಲ್ಲದವುಗಳನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿಟ್ಟೆವು. ಪಿಡಿಎಫಿನೊಳಗೆ ಫಾಂಟ್ ಸೇರಿರುವುದರಿಂದ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುತ್ತದೆ, ಪದ ಹುಡುಕಲು ಮಾತ್ರ ಬರುವುದಿಲ್ಲ. ಫಲಿತಾಂಶದ ಪಟ್ಟಿಗಳೆಲ್ಲ ಪ್ರಯೋಗಕ್ಕೆಂದು ಒಮ್ಮೆ ಪರಿವರ್ತನೆಯಾಗಿದ್ದವು, ‘ರ‍್ಯಾಂಕ್’ ನೋಡಿದ ಮೇಲೆ ಅವನ್ನು ಅಲ್ಲಿಗೇ ಬಿಟ್ಟೆವು. ಯೂನಿಕೋಡಿಗೆ ತರಬೇಕಾದದ್ದು ಓಣಿಗಳ ಟಿಪ್ಪಣಿ ಮಾತ್ರ, ಏಕೆಂದರೆ ಅದು ಇನ್ನೂ ಬೆಳೆಯುತ್ತಿರುವ ಬರಹ. ಅದನ್ನು ಒಂದೊಂದೇ ಫೈಲಾಗಿ, ಇಂಗ್ಲಿಷ್ ಭಾಗಗಳನ್ನು ಬೇರೆ ಇಟ್ಟು, ಪರಿವರ್ತಿಸಿ ಮಾಸ್ತರರೇ ಓದಿ ತಿದ್ದುತ್ತಾರೆ. ಮೂಲ ಫೈಲುಗಳೂ ನುಡಿ ಫಾಂಟುಗಳೂ ಒಂದೇ ಫೋಲ್ಡರಿನಲ್ಲಿ, ಎಸ್‌ಎಸ್‌ಡಿಯಲ್ಲೊಂದು ಪ್ರತಿ, ಹೊರಗಿನ ಡಿಸ್ಕಿನಲ್ಲೊಂದು, ಬೆಂಗಳೂರಿನ ಮಗನ ಬಳಿ ಒಂದು.

ಇನ್ನು ಬೆರಳಚ್ಚು. ಮಾಸ್ತರರ ಬೆರಳುಗಳಿಗೆ ನುಡಿಯ ಕೀಲಿಮಣೆ ಬಿಟ್ಟು ಬೇರೇನೂ ಗೊತ್ತಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದರೆ ಎರಡು ವ್ಯಂಜನಗಳ ನಡುವೆ ಎಫ್ ಕೀಲಿ. ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಅದೇ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಮೊದಲೇ ಇದೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಆಯ್ದುಕೊಂಡರೆ ಸಾಕು. ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ಹೋಗಿಬರಲು ಒಂದು ಕೀಲಿ ಗೊತ್ತುಮಾಡಿಕೊಟ್ಟೆ. ಅವರು ಕುಳಿತು, ಕನ್ನಡಕ ಸರಿಪಡಿಸಿಕೊಂಡು, ಒಂದು ವಚನವನ್ನು ತಪ್ಪಿಲ್ಲದೆ ಹೊಡೆದರು. ಅಲ್ಲಿಯವರೆಗೆ ಲಿನಕ್ಸ್ ಎಂಬ ಹೆಸರಿನ ಮೇಲೆ ಅವರಿಗಿದ್ದ ಗುಮಾನಿ ಅಲ್ಲಿಗೆ ಕರಗಿತು. ವಿಂಡೋಸ್ ಹೋಯಿತೆಂದು ಬೇಸರಪಟ್ಟವನು ಮೊಮ್ಮಗ ಒಬ್ಬನೇ, ಅವನ ಕಾರಿನ ಆಟ ಇಲ್ಲಿ ಓಡುವುದಿಲ್ಲ.

ಬಾಕಿ ಉಳಿದದ್ದು

ಸ್ಮರಣ ಸಂಚಿಕೆಯ ಫೈಲುಗಳು ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನವು. ಲಿಬ್ರೆ ಆಫೀಸಿನ ಡ್ರಾ ಅವುಗಳನ್ನು ತೆರೆಯುತ್ತದೆ, ಆದರೆ ಸಾಲುಗಳು ಚೌಕಟ್ಟು ಮೀರಿ ಹರಿಯುತ್ತವೆ, ಚಿತ್ರಗಳು ಜಾಗ ಬಿಡುತ್ತವೆ. ಅಚ್ಚಾದ ಪ್ರತಿ ಮನೆಯಲ್ಲಿದೆ, ಅದನ್ನೇ ಸ್ಕ್ಯಾನ್ ಮಾಡುವುದು ಸುಲಭ ಎಂದು ಬಿಟ್ಟಿದ್ದೇವೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಬೇಕು. ಎಸ್‌ಎಸ್‌ಡಿಗೂ ಹಠಾತ್ತಾಗಿ ಕರೆಂಟ್ ಹೋಗುವುದು ಒಳ್ಳೆಯದಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ‘ಕೆಟ್ಟಿದೆ, ಜೋಡಿಸಬಾರದು’ ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದಾರೆ. ಓಣಿಗಳ ಟಿಪ್ಪಣಿ ಪೂರ್ತಿ ಯೂನಿಕೋಡಿಗೆ ಬಂದು, ಮಾಸ್ತರರು ಸಾಲು ಸಾಲಾಗಿ ಹೋಲಿಸಿ ನೋಡಿದ ಮೇಲೆ ಆ ಡಿಸ್ಕನ್ನು ಗುಜರಿಗೆ ಕೊಡಬಹುದೆಂದು ಹೇಳಿದ್ದೇನೆ. ಸದ್ಯ ಅವರು ಮೂರನೆಯ ಓಣಿಯಲ್ಲಿದ್ದಾರೆ, ಒಂದು ಬಾವಿಯ ಹೆಸರಿನ ಬಗ್ಗೆ ಅವರಿಗೂ ಅವರ ತಮ್ಮನಿಗೂ ಫೋನಿನಲ್ಲಿ ವಾದ ನಡೆದಿದೆ.